ಕಾಲುಚೀಲ ತೊಟ್ಟ ಕುರ್ಚಿ

"ಒಂದು ಮನೇಲಿ ಅಪ್ಪ ಇಲಿ, ಅಮ್ಮ ಇಲಿ, ಮರಿ ಇಲಿ ಇದ್ವು," ಎಂದು ಮಗಳು ಮೈಕಿನ ಮುಂದೆ ನಿಂತು ಶುರು ಮಾಡಿದಾಗ, ನಡುವಿನ ಸಾಲಿನಲ್ಲಿ ಕೂತಿದ್ದ ತಾಯಿ ತಟ್ಟನೆ ತಲೆಯೆತ್ತಿದಳು. ವಾರವೆಲ್ಲ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಅಭ್ಯಾಸ ಮಾಡಿಸಿದ್ದು ಮೋಡ ಮತ್ತು ಕೊಡೆಯ ಕಥೆ. ಅದರಲ್ಲಿ ಇಲಿಯ ಸುಳಿವೇ ಇರಲಿಲ್ಲ.

ಮಕ್ಕಳ ಕಲೆ ಮತ್ತು ಸಾಹಿತ್ಯದ ಹಬ್ಬಕ್ಕೆಂದು ಬಡಾವಣೆಯ ಸಭಾಭವನ ಕಿಕ್ಕಿರಿದಿತ್ತು. ಗೋಡೆ ತುಂಬ ಚಿತ್ರಗಳು, ಇನ್ನೂ ಒಣಗದ ಬಣ್ಣದ ವಾಸನೆ. ಕಥೆ ಹೇಳುವವರಿಗಾಗಿ ಲೈಬ್ರರಿ ಮೇಡಂ ಮಾಡಿದ್ದ ನಿಯಮ ಒಂದೇ: ಮಗು ತಾನಾಗಿ 'ನನ್ನ ಕಥೆ ಮುಗೀತು' ಅನ್ನುವ ತನಕ ದೊಡ್ಡವರು ನಡುವೆ ಬಾಯಿ ಹಾಕುವಂತಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದು ದೊಡ್ಡವರಿಗೆ ಎಷ್ಟು ಕಷ್ಟ ಅನ್ನುವುದು ಬೆಳಗಿನಿಂದ ಎಲ್ಲರಿಗೂ ಗೊತ್ತಾಗಿತ್ತು. ಈ ತಾಯಿಗೆ ಮಾತ್ರ ಅದು ರೂಢಿಯಾಗಿ ಹೋಗಿತ್ತು.

ವೇದಿಕೆಯ ಪಕ್ಕದಲ್ಲಿ, ಮೈಕಿನ ಸದ್ದು ಏರಿಸಿ ಇಳಿಸುವ ಪೆಟ್ಟಿಗೆಯ ಮುಂದೆ, ಹುಡುಗಿಯ ಅಪ್ಪ ಕೂತಿದ್ದ. ಎಲ್ಲರ ಬಾಯಲ್ಲೂ ಅವನು ಮೈಕಣ್ಣ. ಒಂದೊಂದು ಮಗು ಬಂದಾಗಲೂ ತಾನೇ ಎದ್ದು ಹೋಗಿ, ಮೈಕನ್ನು ಅದರ ಬಾಯಿಯ ಎತ್ತರಕ್ಕೆ ಇಳಿಸಿ, "ಹೆದರ್ಬೇಡ ಪುಟ್ಟ, ಜೋರಾಗಿ ಹೇಳು," ಎಂದು ಬೆನ್ನು ತಟ್ಟುತ್ತಿದ್ದ. ತನ್ನ ಮಗಳಿಗೂ ಹಾಗೆಯೇ ಅಂದಿದ್ದ.

"ನಿಮ್ಮೆಜಮಾನ್ರಿಗೆ ಎಂಥಾ ತಾಳ್ಮೆ ರೀ," ಎಂದಿದ್ದರು ಪಕ್ಕದಲ್ಲಿ ಕೂತ ಡ್ರಾಯಿಂಗ್ ಟೀಚರ್. ಆಮೇಲೆ ತಾಯಿಯ ಬೆರಳಿಗೆ ಸುತ್ತಿದ್ದ ಬಟ್ಟೆ ಕಂಡು, "ಬೆರಳಿಗೇನಾಯ್ತು?" ಎಂದು ಕೇಳಿದ್ದರು.

"ಬಾಗಿಲಿಗೆ ಸಿಕ್ತು," ಅಂದಿದ್ದಳು ತಾಯಿ.

ವೇದಿಕೆಯ ಮೇಲೆ ಮಗಳ ದನಿ ಗಟ್ಟಿಯಾಗುತ್ತಿತ್ತು. "ಅಪ್ಪ ಇಲಿಗೆ ಮನೇಲಿ ಸದ್ದಾದ್ರೆ ಆಗ್ತಾನೇ ಇರ್ಲಿಲ್ಲ. ಅದಕ್ಕೇ ಅಮ್ಮ ಇಲಿ ಕುರ್ಚಿಗಳಿಗೆಲ್ಲ ಕಾಲುಚೀಲ ಹಾಕಿತ್ತು."

ಸಭೆ ಗೊಳ್ಳೆಂದು ನಕ್ಕಿತು. ಡ್ರಾಯಿಂಗ್ ಟೀಚರೂ ನಕ್ಕರು, ಆದರೆ ಅರ್ಧಕ್ಕೇ ನಿಲ್ಲಿಸಿದರು. ಹೋದ ತಿಂಗಳು ಮನೆಗೆ ಬಂದಿದ್ದಾಗ ಊಟದ ಮೇಜಿನ ಕುರ್ಚಿಗಳನ್ನು ನೋಡಿ, "ಇದೇನ್ರೀ, ನಿಮ್ಮನೆ ಕುರ್ಚಿಗೂ ಚಳೀನಾ?" ಎಂದು ತಮಾಷೆ ಮಾಡಿದವರು ಅವರೇ. ನೆಲಕ್ಕೆ ಗೀರು ಬೀಳಬಾರದಲ್ಲ, ಅದಕ್ಕೆ ಎಂದು ತಾಯಿ ಹೇಳಿದ್ದಳು. ಈಗ ಟೀಚರ್ ಮೆಲ್ಲಗೆ ತಿರುಗಿ ಅವಳ ಬೆರಳನ್ನೇ ನೋಡತೊಡಗಿದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮೈಕಣ್ಣನ ಮುಖದಲ್ಲಿ ನಗು ಹಾಗೇ ಇತ್ತು. ಆದರೆ ಅವನ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಮನೆಯಲ್ಲಿ ಆ ಹೆಬ್ಬೆರಳು ಹಾಗೆ ಆಡಲು ಶುರುವಾಯಿತೆಂದರೆ ಅವಳು ಮೊದಲು ಮಗಳನ್ನು ಒಳಗಿನ ಕೋಣೆಗೆ ಕಳಿಸುತ್ತಿದ್ದಳು. ಇಲ್ಲಿ ಎಲ್ಲಿಗೆ ಕಳಿಸುವುದು? ಸಾಕು ಕಣೇ, ಮುಗೀತು ಅನ್ನು, ಇಳಿದು ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಒಂದಿನ ಮರಿ ಇಲಿ ಕೈಯಿಂದ ತಟ್ಟೆ ಬಿತ್ತು. ಅಮ್ಮ ಇಲಿ ಓಡಿ ಬಂದು ಅಡ್ಡ ನಿಂತ್ಕೊಂಡ್ತು. ಆಮೇಲೆ ಎಲ್ರಿಗೂ, ಬೆರಳು ಬಾಗಿಲಿಗೆ ಸಿಕ್ತು ಅಂತ ಹೇಳ್ತು. ಆದ್ರೆ ಬಾಗಿಲು..."

ಅಷ್ಟಕ್ಕೇ ದನಿ ನಿಂತಿತು. ಹುಡುಗಿಯ ತುಟಿಗಳು ಅಲ್ಲಾಡುತ್ತಿದ್ದವು, ಫ್ಯಾನುಗಳ ಸದ್ದಿನಲ್ಲಿ ಮಾತು ಮಾತ್ರ ಕೇಳುತ್ತಿರಲಿಲ್ಲ. "ಅಯ್ಯೋ, ಮೈಕ್ ಕೈಕೊಡ್ತು," ಎಂದರು ಹಿಂದಿನಿಂದ ಯಾರೋ. ಮೈಕಣ್ಣನ ಕೈ ಪೆಟ್ಟಿಗೆಯ ಗುಂಡಿ ತಿರುಗಿಸಿದ್ದನ್ನು ತಾಯಿ ಕಣ್ಣಾರೆ ಕಂಡಿದ್ದಳು.

ಮೈಕಣ್ಣ ಕೈಮುಗಿಯುತ್ತ ಎದ್ದು ನಿಂತ. "ವೈರ್ ಸ್ವಲ್ಪ ಲೂಸಾಗಿದೆ, ಬೇಜಾರು ಮಾಡ್ಕೋಬೇಡಿ. ಇವಳ ಕಥೆ ಇಷ್ಟೇ. ಇಳಿ ಪುಟ್ಟಿ, ಮುಂದಿನವ್ರು ಬರ್ಲಿ."

ಬೆಣ್ಣೆಯಂಥ ದನಿ. ಆ ಬೆಣ್ಣೆ ಮನೆಯ ಬಾಗಿಲು ಹಾಕಿದ ಮೇಲೆ ಏನಾಗುತ್ತದೆಂದು ಅಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಲೈಬ್ರರಿ ಮೇಡಂ ಏನೋ ಹೇಳಲು ಬಾಯಿ ತೆರೆದರು, ಆದರೆ ಅಷ್ಟರಲ್ಲಿ ಜನ ಚಪ್ಪಾಳೆ ಶುರುಮಾಡಿದ್ದರು. ಹುಡುಗಿ ಇಳಿಯಲಿಲ್ಲ. ಎರಡೂ ಕೈಯಲ್ಲಿ ಮೈಕಿನ ಕಂಬ ಹಿಡಿದು, ಅಪ್ಪನ ಕಡೆ ತಿರುಗದೆ, ಅಮ್ಮನನ್ನೇ ನೋಡುತ್ತ ನಿಂತಿದ್ದಳು.

ತಾಯಿಯೂ ಚಪ್ಪಾಳೆಗೆಂದು ಕೈ ಎತ್ತಿದಳು. ತಟ್ಟಿಬಿಟ್ಟರೆ ಆಯಿತು. ಮಗಳ ಕೈ ಹಿಡಿದು ಅವನಿಗಿಂತ ಮೊದಲೇ ಮನೆ ಸೇರಬಹುದು, ಬೇಗ ಅಡುಗೆ ಮುಗಿಸಬಹುದು, ಇವತ್ತು ಏನೂ ಆಗದೆಯೂ ಇರಬಹುದು. ಹಿಂದೆಲ್ಲ ಹೀಗೆಯೇ ಅಂದುಕೊಂಡಿದ್ದಳು. ಕೈಗೆ ಕೈ ತಾಗಿದ್ದೇ ತಡ, ಬೆರಳಿನ ನೋವು ಮೊಣಕೈವರೆಗೂ ಹರಿಯಿತು. ಡ್ರಾಯಿಂಗ್ ಟೀಚರ್ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಅವಳು ಎದ್ದಳು. ಸಭಾಭವನದ ಕುರ್ಚಿಗಳಿಗೆ ಕಾಲುಚೀಲ ಇರಲಿಲ್ಲ. ಅವಳ ಕುರ್ಚಿ ಕರ್ರೆಂದು ನೆಲ ಗೀರಿತು, ಚಪ್ಪಾಳೆ ನಿಂತುಹೋಯಿತು, ಎಲ್ಲ ತಲೆಗಳೂ ಇತ್ತ ತಿರುಗಿದವು. ಆ ಸದ್ದಿಗೆ ಅವಳೇ ಬೆಚ್ಚಿಬಿದ್ದು, ಅಭ್ಯಾಸಬಲದಿಂದ ಅವನ ಹೆಬ್ಬೆರಳನ್ನು ನೋಡಿದಳು. ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೇಳಿಸ್ಲಿಲ್ಲ ಪುಟ್ಟಿ," ಅಂದಳು. "ಬಾಗಿಲು ಅಂದ್ಯಲ್ಲ, ಅಲ್ಲಿಂದ ಹೇಳು. ಜೋರಾಗಿ ಹೇಳು."