ಗೋಡೆಯ ಮೇಲಿನ ಸುಪ್ರಿಯಾ

“ಅಮ್ಮಾ, ಗಂಗಾಧರ ಮೆಡಿಕಲ್ಸ್ ಎಲ್ಲಿ ಬರುತ್ತೆ?”

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಸ್ಸಿಳಿದ ಸುಪ್ರಿಯಾ ಕನ್ನಡಕ ಸರಿಮಾಡಿಕೊಳ್ಳುತ್ತ ಮೊದಲು ಕಂಡ ಹೆಂಗಸನ್ನೇ ಕೇಳಿದಳು. ನಾಲ್ಕು ವರ್ಷದಿಂದ ಆ ಅಂಗಡಿಯ ಫಾರ್ಮಸಿಸ್ಟ್ ಅವಳೇ. ಕಾಗದದ ಪ್ರಕಾರ ದಿನವಿಡೀ ಅಲ್ಲೇ ನಿಂತು ಔಷಧಿ ಕೊಡುತ್ತಾಳೆ. ನಿಜದಲ್ಲಿ ಅವಳು ಶಿವಮೊಗ್ಗದ ವಿದ್ಯಾನಗರದ ಒಂದು ಶಾಲೆಯಲ್ಲಿ ಕ್ಲರ್ಕು. ಫಾರ್ಮಸಿಸ್ಟ್ ಇಲ್ಲದೆ ಔಷಧಿ ಮಾರುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಫಾರ್ಮಸಿಸ್ಟರ ಸರ್ಟಿಫಿಕೇಟು ಗೋಡೆ ಮೇಲಿದ್ದರೆ ಸಾಕು ಎಂದು ಕೆಲವು ಅಂಗಡಿಗಳು ಅದನ್ನು ಓದಿಕೊಂಡಿವೆ. ಸರ್ಟಿಫಿಕೇಟು ಕೊಟ್ಟವರಿಗೆ ತಿಂಗಳಿಗಿಷ್ಟು ಅಂತ ಬಾಡಿಗೆ ಬರುತ್ತದೆ. ಎಲ್ಲರಿಗೂ ಅನುಕೂಲ, ಕಾಯಿಲೆಯವರೊಬ್ಬರನ್ನು ಬಿಟ್ಟು.

“ನಾನೂ ಅಲ್ಲಿಗೇ ಹೋಗ್ತಿದೀನಿ, ಬಾ ತಾಯಿ” ಎಂದಳು ಆ ಹೆಂಗಸು. ಹೆಸರು ದುರ್ಗಮ್ಮ. ಕೈಯಲ್ಲಿ ಮುದುರಿದ ಒಂದು ಸಣ್ಣ ಕಾಗದದ ಕವರಿತ್ತು. “ನೀನ್ಯಾಕೆ ಅಲ್ಲಿಗೆ?”

“ಮಾತ್ರೆ ತಗೊಳಕ್ಕೆ” ಎಂದಳು ಸುಪ್ರಿಯಾ. ಸುಳ್ಳು ತಾನಾಗಿ ಬಾಯಿಗೆ ಬಂತು.

“ಅಲ್ಲಿ ಬ್ಯಾಡ ಕಣವ್ವ. ನನ್ ಮಗಳು ರಕ್ಷಾ ಅಲ್ಲಿ ಮಾತ್ರೆ ತಗೊಂಡೇ ಹೋಗ್ಬಿಟ್ಲು. ಬ್ಲೌಸ್ ಹೊಲೀತಿದ್ಲು. ಬೆರಳಿನ ಗಂಟೆಲ್ಲ ಊದ್ಕೊಂಡು ಸೂಜಿ ಹಿಡಿಯಕ್ಕಾಗ್ತಿರ್ಲಿಲ್ಲ. ಡಾಕ್ಟ್ರು ಚಿಕ್ಕ ಚಿಕ್ಕ ಹಳದಿ ಮಾತ್ರೆ ಬರ್ಕೊಟ್ರು. ಹೆಂಗೆ ತಗೋಬೇಕು ಅಂದ್ರೆ, ಅಂಗಡಿಯೋರು ಹೇಳ್ತಾರೆ ಅಂದ್ರು. ಚೀಟಿ ಇಂಗ್ಲಿಷಲ್ಲಿತ್ತು. ಅಂಗಡಿಯೋನು ಕವರ್ ಮೇಲೆ ಒಂದು ಗೀಟು ಎಳ್ದ. ನೋಡಿಲ್ಲಿ. ದಿನಾ ಬೆಳಿಗ್ಗೆ ಒಂದು ಅಂತ.”

ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಸೂರ್ಯ, ಅದರ ಪಕ್ಕ ಒಂದು ಗೀಟು. ಓದಲು ಬಾರದವರಿಗೆ ಔಷಧಿ ಅಂಗಡಿಗಳಲ್ಲಿ ಹೇಳಿಕೊಡುವುದೇ ಹಾಗೆ.

“ಹತ್ತು ದಿನಕ್ಕೆ ಬಾಯೆಲ್ಲ ಹುಣ್ಣು. ಗಂಜಿ ಇಳೀತಿರ್ಲಿಲ್ಲ. ಮಾತ್ರೆ ಮಾತ್ರ ನಾನೇ ತಪ್ಪಿಸ್ದಂಗೆ ನುಂಗಿಸ್ದೆ. ಆಸ್ಪತ್ರೆಗೆ ಹಾಕ್ದಾಗ, ಅಯ್ಯೋ, ಇದು ವಾರಕ್ಕೊಂದು ತಗೊಳೋ ಮಾತ್ರೆ ಅಂದ್ರು.”

ಹಳದಿ ಮಾತ್ರೆ ಎಂದಾಗಲೇ ಸುಪ್ರಿಯಾಳಿಗೆ ಗೊತ್ತಾಗಿತ್ತು. ಡಿಪ್ಲೊಮಾ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ವಾರಕ್ಕೊಂದೇ, ದಿನಾ ಕೊಟ್ಟರೆ ಪ್ರಾಣಕ್ಕೆ ಅಪಾಯ ಎಂದು ಬರೆದು ಎರಡಕ್ಕೆ ಎರಡು ಅಂಕ ತೆಗೆದಿದ್ದಳು. ಅಷ್ಟು ಚೆನ್ನಾಗಿ ಗೊತ್ತಿದ್ದ ಒಂದು ಮಾತು ಹದಿನೆಂಟು ಕಿಲೋಮೀಟರು ದೂರದಲ್ಲಿ ಫೀಸ್ ರಸೀದಿ ಬರೆಯುತ್ತ ಕೂತಿತ್ತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಂಗಡಿ ಬಂತು. ತಾನು ಕೊಟ್ಟ ದೂರಿಗೆ ಬರುವ ಇನ್‌ಸ್ಪೆಕ್ಟರನ್ನು ಕಾಯುತ್ತ ದುರ್ಗಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತಳು. ಫೋನ್ ಮಾಡಿ ಕರೆಸಿದ್ದ ಮಾಲೀಕ ಮಲ್ಲೇಶ್ ಸುಪ್ರಿಯಾಳನ್ನು ಕಂಡವನೇ ಪಕ್ಕದ ಬಾಗಿಲಿಂದ ಪರದೆಯ ಹಿಂದಕ್ಕೆ ಕರೆದುಕೊಂಡು, ಇಸ್ತ್ರಿಯ ಮಡಿಕೆಯೂ ಬಿಚ್ಚದ ಬಿಳಿ ಕೋಟನ್ನು ಕೈಗಿತ್ತ.

“ಬೇಗ ಹಾಕ್ಕೊಳ್ಳಿ ಮೇಡಂ, ಇನ್‌ಸ್ಪೆಕ್ಟ್ರು ಬರೋ ಹೊತ್ತಾಯ್ತು. ಅವರು ಕೇಳಿದ್ರೆ, ‘ಅವತ್ತು ನಾನೇ ಇದ್ದೆ, ವಾರಕ್ಕೊಂದು ಅಂತ್ಲೇ ಹೇಳಿದ್ದೆ, ಆ ಯಮ್ಮನೇ ತಪ್ಪು ತಿಳ್ಕೊಂಡ್ಲು’ ಅಂದ್ಬಿಡಿ.”

“ಕವರ್ ಮೇಲೆ ನೀವೇ ಗೀಟು ಎಳೆದಿದೀರಲ್ಲ ಮಲ್ಲೇಶಣ್ಣ?”

“ಗೀಟಿಗೇನು, ಯಾರು ಬೇಕಾದ್ರೂ ಎಳೀಬೋದು. ಇಲ್ಲಾಂದ್ರೆ ನನ್ ಲೈಸೆನ್ಸೂ ಹೋಗುತ್ತೆ, ನಿಮ್ ಸರ್ಟಿಫಿಕೇಟೂ ಹೋಗುತ್ತೆ. ನೋಡಿ ನೀವೇ.”

ಹೋದ ಹುಡುಗಿಯಂತೂ ಹೋದಳು, ಈಗ ತಪ್ಪನ್ನು ಹೆತ್ತವಳ ತಲೆಗೆ ಕಟ್ಟಬೇಕು. ಥೂ ಎನ್ನಬೇಕಾಗಿತ್ತು. ಸುಪ್ರಿಯಾ ಕೋಟಿನೊಳಗೆ ಒಂದು ತೋಳು ತೂರಿಸಿದಳು.

ಪರದೆಯ ಸಂದಿನಿಂದ ಎದುರಿನ ಗೋಡೆ ಕಾಣುತ್ತಿತ್ತು. ಮಲ್ಲೇಶನ ತಾಯಿ ಕಲ್ಲಮ್ಮ ಸ್ಟೂಲು ಹತ್ತಿ, ತೀರಿಹೋದ ಗಂಡ ಗಂಗಾಧರಪ್ಪನ ಫೋಟೊಕ್ಕೆ ವಿಭೂತಿ ಹಚ್ಚಿ ಸೇವಂತಿಗೆ ಹಾರ ಹಾಕುತ್ತಿದ್ದಳು. ಪಕ್ಕದಲ್ಲೇ ಸುಪ್ರಿಯಾಳ ಸರ್ಟಿಫಿಕೇಟು, ಅದರಲ್ಲಿ ಎರಡು ಜಡೆ ಹಾಕಿದ, ಕನ್ನಡಕವಿಲ್ಲದ ಹುಡುಗಿಯೊಬ್ಬಳ ಫೋಟೊ. ಅಂಗಡಿಗೆ ಅನ್ನ ಹಾಕುವ ಮಹಾತಾಯಿ ಇವಳು ಎಂದು ಮಗ ಹೇಳಿದ್ದನ್ನು ಕಲ್ಲಮ್ಮ ನಂಬಿದ್ದಳು. ಅದಕ್ಕೂ ವಿಭೂತಿ ಹಚ್ಚಿ, ಅಷ್ಟೇ ಉದ್ದದ ಇನ್ನೊಂದು ಹಾರ ಹಾಕಿ, ಕೈಮುಗಿದು ಇಳಿದಳು.

ಜೀಪು ನಿಂತಿತು. ಡ್ರಗ್ಸ್ ಇನ್‌ಸ್ಪೆಕ್ಟರ್ ಫೈಲು ಹಿಡಿದು ಒಳಗೆ ಬಂದರು. ಹಿಂದೆಯೇ ದುರ್ಗಮ್ಮ ಬಂದು ಕವರನ್ನು ಕೌಂಟರಿನ ಮೇಲಿಟ್ಟಳು.

“ಈ ಮಾತ್ರೆ ಹೇಗೆ ತಗೋಬೇಕು ಅಂತ ಹೇಳಿ ಕೊಡಬೇಕಾದವರು ಇವರು, ಫಾರ್ಮಸಿಸ್ಟ್ ಸುಪ್ರಿಯಾ” ಎಂದು ಇನ್‌ಸ್ಪೆಕ್ಟರ್ ಗೋಡೆಯ ಸರ್ಟಿಫಿಕೇಟಿನತ್ತ ಬೆರಳು ತೋರಿಸಿದರು. “ಎಲ್ಲಿದಾರೆ?”

ಮಲ್ಲೇಶ್ ಪರದೆಯತ್ತ ನೋಡಿದ. ಸುಪ್ರಿಯಾ ಅಲುಗಲಿಲ್ಲ. ಕೋಟಿನ ಇನ್ನೊಂದು ತೋಳು ಖಾಲಿ ಜೋತಾಡುತ್ತಿತ್ತು.

ದುರ್ಗಮ್ಮ ಕತ್ತೆತ್ತಿ ಎರಡು ಹಾರಗಳನ್ನೂ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಲ್ಲಿ ಅಂತ ಕೇಳ್ತೀರಲ್ಲ ಸ್ವಾಮಿ, ಹಾರ ಹಾಕಿರೋದು ಕಾಣಲ್ವಾ? ಪಾಪ, ನನ್ ಮಗಳ ವಾರಿಗೆಯೋಳು. ಈ ತಾಯಿ ಬದುಕಿದ್ದಿದ್ರೆ ನಂಗೆ ಹೇಳ್ತಿದ್ಲು.”