ಮರಿಗಳಿಗೆ ಕಾವು

ತಾಯಿಕೋಳಿಯನ್ನು ನಾಯಿ ಕಚ್ಚಿಕೊಂಡು ಹೋದ ಮೇಲೆ ಮರಿಗಳನ್ನು ಸಾಕುವ ಹೊಣೆ ಸೊಣ್ಣಪ್ಪನ ತಲೆಗೆ ಬಿತ್ತು. ಮನೆಯೆಲ್ಲ ಹಿಕ್ಕೆ ಹಾಕುತ್ತವೆಂದು ಹೆಂಡತಿ ದ್ಯಾವಮ್ಮ ಅವನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಮಾಗಿಯ ಚಳಿಗೆ ಹಿತ್ತಲಲ್ಲಿ ಎರಡು ಮರಿ ಸೆಟೆದುಹೋದವು. ಆಮೇಲೆ ಮಾತ್ರ ಒಂದೂ ಸಾಯಲಿಲ್ಲ.

ಏನಪ್ಪಾ ಇದು ಎಂದು ದ್ಯಾವಮ್ಮ ಒಂದು ಬೆಳಿಗ್ಗೆ ಮರಿಗಳ ಮೇಲೆ ಕವುಚಿದ್ದ ಬಿದಿರಿನ ಮಂಕರಿ ಎತ್ತಿದಳು. ಹಳೇ ಪಂಚೆ ಸುತ್ತಿದ ಬ್ರಾಂದಿ ಬಾಟಲಿಗೆ ಒತ್ತಿಕೊಂಡು ಮರಿಗಳು ಹಾಯಾಗಿ ಮಲಗಿದ್ದವು.

"ಇನ್ಮೇಲೆ ಕುಡಿಯಲ್ಲ ಅಂತ ಕರ್ಪೂರ ಆರಿಸಿ ಆಣೆ ಮಾಡಿದೋನು, ಕೋಳಿಮರಿ ಕೆಳಗೆ ಬಚ್ಚಿಟ್ಟಿದ್ದೀಯಾ?"

"ಅದ್ರಲ್ಲಿರೋದು ಬಿಸಿನೀರು ಕಣೇ! ಮರಿಗಳಿಗೆ ಕಾವು ಬೇಡ್ವಾ? ಬೇಕಾದ್ರೆ ಮೂಸಿ ನೋಡು."

ಅವಳು ಮುಚ್ಚಳ ತೆಗೆದು ಮೂಸಿದಳು. ನೀರೇ.

"ಮೊದಲು ಇದ್ರಲ್ಲಿ ಇದ್ದಿದ್ದು ಎಲ್ಲಿ ಹೋಯ್ತು?"

ಸೊಣ್ಣಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಖಾಲಿ ಮಾಡ್ದೆ ನೀರು ಹೆಂಗೆ ತುಂಬ್ಲಿ?"

ಇವತ್ತು ಪೊರಕೆಯೇ ಗತಿ ಎಂದು ಅವನು ಕಣ್ಣು ಮುಚ್ಚಿಕೊಂಡು ಕಾದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ದ್ಯಾವಮ್ಮ ಚಳಿಗೆ ಸೆರಗು ಹೊದ್ದು ಮರಿಗಳನ್ನೇ ನೋಡುತ್ತ ನಿಂತಿದ್ದಳು.

"ಪಾಪ, ಒಂದು ಬಾಟ್ಲಿ ಸಾಲಲ್ಲ, ಇನ್ನೊಂದು ತಗೊಂಬಾ," ಅಂದಳು. "ಈ ಸಲ ಅರ್ಧ ನಂಗೆ."