ವಾರ್ಡಿನಲ್ಲಿ ಅಳುವ ಒಂದೇ ಕೂಸು

ಹೆರಿಗೆ ವಾರ್ಡಿನ ಹನ್ನೆರಡು ಕೂಸುಗಳಲ್ಲಿ ಅಳುತ್ತಿದ್ದದ್ದು ನಾಗವೇಣಿಯ ಮಗಳು ಮಾತ್ರ. ಉಳಿದ ಹನ್ನೊಂದಕ್ಕೆ ಭ್ರೂಣವಾಗಿದ್ದಾಗಲೇ ಅಳುವಿನ ಜೀನ್ ತೆಗೆಸಿದ್ದರು. ನಾಗವೇಣಿ ಅದಕ್ಕೆ ಒಪ್ಪಿರಲಿಲ್ಲ. ಹಸಿವಾದರೆ ಆ ಕೂಸುಗಳು ಕಣ್ಣರಳಿಸಿ ಸೂರು ನೋಡುತ್ತಿದ್ದವು, ಅಷ್ಟೇ.

"ಎಲ್ರಿಗೂ ತೊಂದ್ರೆ ಆಗುತ್ತಮ್ಮ, ನಿಮ್ಮನ್ನ ಬೇರೆ ರೂಮಿಗೆ ಹಾಕ್ತೀವಿ," ಎಂದು ನರ್ಸ್ ಫಿಲೋಮಿನಾ ತೊಟ್ಟಿಲಿಗೆ ಕೈ ಹಾಕಿದರು.

"ಬೇಡ ಸಿಸ್ಟರ್, ಇರ್ಲಿ ಬಿಡಿ," ಎಂದಳು ಪಕ್ಕದ ಹಾಸಿಗೆಯ ರಜಿಯಾ. ಹೆತ್ತು ಮೂರು ದಿನವಾದರೂ ಅವಳಿಗೆ ಹಾಲು ಇಳಿದಿರಲಿಲ್ಲ. ಈಗ ಆ ಅಳು ಕೇಳಿ ಅವಳ ನೈಟಿ ಎದೆಯ ಬಳಿ ಒದ್ದೆಯಾಗಿತ್ತು. ನಾಗವೇಣಿ ಸುತ್ತ ನೋಡಿದಳು. ಎಲ್ಲ ತಾಯಂದಿರೂ ಅವಸರದಿಂದ ಕೂಸುಗಳನ್ನು ಎದೆಗೆ ಹಚ್ಚಿಕೊಳ್ಳುತ್ತಿದ್ದರು.

ನಾಗವೇಣಿಯೂ ಮಗಳಿಗೆ ಹಾಲು ಕೊಟ್ಟಳು. ಅಳು ನಿಂತಿತು. ಸ್ವಲ್ಪ ಹೊತ್ತಿಗೆ ರಜಿಯಾಳ ಹಾಲೂ ನಿಂತಿತು. ಅವಳ ಮಗ ಬಾಯಿ ತೆರೆದುಕೊಂಡು, ಸದ್ದಿಲ್ಲದೆ ಅಮ್ಮನ ಮುಖವನ್ನೇ ನೋಡುತ್ತಿದ್ದ.

"ಅಕ್ಕಾ, ಇನ್ನೊಂದ್ಸಲ ಅಳಿಸ್ತೀರಾ?" ಎಂದು ರಜಿಯಾ ಕೇಳಿದಳು.

ನಾಗವೇಣಿ ತಲೆಯೆತ್ತಿದಳು. ಹನ್ನೊಂದು ಹಾಸಿಗೆಗಳಿಂದ ತಾಯಂದಿರು ಅವಳನ್ನೇ ನೋಡುತ್ತಿದ್ದರು. ಮಗಳಿಗಿನ್ನೂ ಅರ್ಧ ಹೊಟ್ಟೆಯೂ ತುಂಬಿರಲಿಲ್ಲ. ಫಿಲೋಮಿನಾ ಸದ್ದು ಹೊರಗೆ ಹೋಗದಂತೆ ವಾರ್ಡಿನ ಬಾಗಿಲು ಮುಚ್ಚಿದರು.

ನಾಗವೇಣಿ ಕಣ್ಣು ಮುಚ್ಚಿಕೊಂಡು, ಮಗಳ ಬಾಯಿಂದ ಮೊಲೆ ಬಿಡಿಸಿದಳು.